ಬೇಸಿಗೆಯಲ್ಲಿ ನೆಟ್ಟಗೆ ನಿಂತ ಕೆಮ್ಮಣ್ಣು ಹಿಂಗಾರಿನಲ್ಲಿ ಏಕೆ ಜರಿಯಿತು?

ಪ್ರಶ್ನೆ: ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ, ನಂದಿ ಬೆಟ್ಟದ ಆಸುಪಾಸಿನ ಒಂದು ದಿಬ್ಬದ ಬುಡದಲ್ಲಿ ನಮ್ಮ 30×40 ಸೈಟು ಇದೆ. ಫೆಬ್ರವರಿಯಲ್ಲಿ ಜೆಸಿಬಿ ತರಿಸಿ ಹಿಂಬದಿಯ ಕೆಮ್ಮಣ್ಣನ್ನು 13 ಅಡಿ ಎತ್ತರಕ್ಕೆ ನೆಟ್ಟಗೆ ಕತ್ತರಿಸಿದೆವು. ಬೇಸಿಗೆಯೆಲ್ಲ ಅದು ಕಟ್ಟಿದ ಗೋಡೆಯ ಹಾಗೆ ನಿಂತಿತ್ತು, ಗುದ್ದಲಿ ಹಾಕಿದರೆ ಸದ್ದು ಬರುವಷ್ಟು ಗಟ್ಟಿ. ಅಕ್ಟೋಬರಿನಲ್ಲಿ ಮೂರು ದಿನ ಬಿಡದೆ ಮಳೆ ಸುರಿದು ನಿಂತ ಮಾರನೆಯ ಬೆಳಿಗ್ಗೆ 20 ಅಡಿ ಉದ್ದಕ್ಕೆ ಜರಿದು ಬಿತ್ತು. ಮುಂಚೆಯೇ ಮಾಡಿಸಿದ್ದ ಮಣ್ಣು ಪರೀಕ್ಷೆಯಲ್ಲಿ ಅಂಟುಬಲ 28 ಕಿಲೋಪ್ಯಾಸ್ಕಲ್, ಘರ್ಷಣಕೋನ 27 ಡಿಗ್ರಿ ಎಂದಿದೆ. ‘ಒಳ್ಳೆಯ ಮಣ್ಣು’ ಎಂದರು. ಅದೇ ಜಾಗದಲ್ಲಿ ಒಂದೂವರೆ ಅಡಿ ದಪ್ಪದ ಸೈಜುಕಲ್ಲಿನ ಗೋಡೆ ಎಬ್ಬಿಸಿದರೆ ಸಾಕು ಎನ್ನುತ್ತಾರೆ ಮೇಸ್ತ್ರಿ. ಒಂದು ಮೂಲೆಯಲ್ಲಿ ಹಾಸುಬಂಡೆಯೊಂದು ನಮ್ಮ ಕಡೆಗೇ ಇಳಿಜಾರಾಗಿದೆ, ಅದರ ಬುಡವನ್ನೂ ಒಡೆಸಬೇಕೆಂದಿದ್ದೇವೆ. ಏನು ಮಾಡಬೇಕು?

ಉತ್ತರ: ಕಾರಣ ಹೇಳುವ ಮೊದಲು ಒಂದು ತುರ್ತಿನ ಮಾತು. ಬಿದ್ದ ಮಣ್ಣನ್ನು ಈಗಲೇ ಎತ್ತಿಸಬೇಡಿ. ಆ ರಾಶಿ ಹಿಂದೆ ಉಳಿದಿರುವ ಮಣ್ಣಿನ ಕಾಲಿಗೆ ಒತ್ತು ಕೊಟ್ಟು ನಿಂತಿದೆ. ಅದನ್ನು ಬಳಿದು ತೆಗೆದರೆ ಮತ್ತೆ ಬೆತ್ತಲೆ ಗೋಡೆಯೊಂದು ನಿಲ್ಲುತ್ತದೆ, ಈ ಸಲ ಒದ್ದೆಯಾಗಿ. ಜರಿದ ಅಂಚಿನ ಮೇಲೆ ಟಾರ್ಪಾಲು ಹೊದಿಸಿ, ಅಂಚಿನ ಹಿಂದಿನ ಬಿರುಕುಗಳಿಗೆ ಜೇಡಿಮಣ್ಣು ತುಂಬಿ ಮೆಟ್ಟಿ. ಇನ್ನೂ ಬೀಳದೆ ನೆಟ್ಟಗೆ ನಿಂತಿರುವ ಭಾಗದ ಬುಡದಿಂದ 20 ಅಡಿಯೊಳಗೆ ಯಾರೂ ಕೂರದಂತೆ, ಮಕ್ಕಳು ಆಡದಂತೆ ಹಗ್ಗ ಕಟ್ಟಿ. ಒಂದು ಘನ ಮೀಟರು ಒದ್ದೆ ಮಣ್ಣು ಸುಮಾರು ಎರಡು ಟನ್ ತೂಗುತ್ತದೆ. ಸೊಂಟದ ಮಟ್ಟಕ್ಕೆ ಹೂತರೂ ಆಳನ್ನು ಕೈಹಿಡಿದು ಎಳೆಯಲು ಆಗುವುದಿಲ್ಲ.

ಈಗ ಕಾರಣ. ಮಣ್ಣು ಜಾರದಂತೆ ತಡೆಯುವ ಶಕ್ತಿಯನ್ನು ಎಂಜಿನಿಯರುಗಳು ಶಿಯರ್ ಬಲ ಎನ್ನುತ್ತಾರೆ. ಅದರಲ್ಲಿ ಎರಡು ಪಾಲು. ಒಂದು ಅಂಟುಬಲ, ಅಂದರೆ ಮೇಲಿನಿಂದ ಯಾವ ಒತ್ತಡ ಇಲ್ಲದಿದ್ದರೂ ಕಣಕಣ ಹಿಡಿದುಕೊಂಡಿರುವ ಶಕ್ತಿ. ಇನ್ನೊಂದು ಘರ್ಷಣೆ. ಇದು ಒತ್ತಡ ಹೆಚ್ಚಿದಷ್ಟೂ ಹೆಚ್ಚುತ್ತದೆ. ಎಷ್ಟು ಬೇಗ ಹೆಚ್ಚುತ್ತದೆ ಎಂಬುದರ ಅಳತೆಯೇ ಘರ್ಷಣಕೋನ. ಹೀಗೆ ಎರಡಾಗಿ ಬಿಡಿಸಿ ಲೆಕ್ಕ ಹಾಕಿದವರು ಫ್ರಾನ್ಸಿನ ಕೂಲಂಬ್, 1773ರಲ್ಲಿ. ಅದಕ್ಕೆ ಸೇರಬೇಕಾಗಿದ್ದ ಮೂರನೆಯ ಸಂಗತಿಯನ್ನು 1920ರ ದಶಕದಲ್ಲಿ ಟೆರ್ಜಾಗಿ ಸೇರಿಸಿದರು: ಘರ್ಷಣೆಗೆ ಲೆಕ್ಕಕ್ಕೆ ಬರುವುದು ಒಟ್ಟು ಒತ್ತಡವಲ್ಲ, ಕಣಗಳ ನಡುವಿನ ನೀರು ಹೊತ್ತಿರುವ ಒತ್ತಡವನ್ನು ಕಳೆದು ಉಳಿಯುವುದು. ನೀರು ಕಣಗಳನ್ನು ದೂರ ತಳ್ಳಿದರೆ ಘರ್ಷಣೆ ಇಳಿಯುತ್ತದೆ. ನೀರು ಕಣಗಳನ್ನು ಹತ್ತಿರಕ್ಕೆ ಎಳೆದರೆ ಏರುತ್ತದೆ.

ಈ ಎಳೆಯುವ ನೀರೇ ನಿಮ್ಮ ಪ್ರಶ್ನೆಯ ಜೀವಾಳ. ಮಕ್ಕಳು ಒದ್ದೆ ಮರಳಿನಲ್ಲಿ ಕಾಲಿಟ್ಟು ಗುಬ್ಬಚ್ಚಿ ಗೂಡು ಕಟ್ಟುವುದನ್ನು ನೋಡಿದ್ದೀರಿ. ಮರಳಿಗೆ ಅಂಟು ಎಲ್ಲಿಂದ ಬಂತು? ಕಣಗಳ ಸಂದಿಯಲ್ಲಿ ಸಿಕ್ಕಿಕೊಂಡ ತೆಳ್ಳನೆಯ ನೀರು ಅವನ್ನು ಒಂದಕ್ಕೊಂದು ಸೆಳೆದು ಹಿಡಿದಿರುತ್ತದೆ. ಇದನ್ನು ಹೀರುಬಲ ಎನ್ನೋಣ. ಗೂಡಿನ ಮೇಲೆ ಒಂದು ಚೊಂಬು ನೀರು ಹುಯ್ದರೆ ಸಂದಿಗಳೆಲ್ಲ ತುಂಬಿ ಸೆಳೆತ ಮಾಯವಾಗುತ್ತದೆ, ಗೂಡು ಕುಸಿಯುತ್ತದೆ. ನಿಮ್ಮ ಕೆಮ್ಮಣ್ಣಿನಲ್ಲಿ ಮರಳಿನ ಜೊತೆ ಜೇಡಿಯೂ ಇದೆ, ಸಂದಿಗಳು ಇನ್ನೂ ಸಣ್ಣವು, ಆದ್ದರಿಂದ ಒಣಗಿದಷ್ಟೂ ಸೆಳೆತ ಬಲವಾಗುತ್ತದೆ. ಏಪ್ರಿಲ್ ಹೊತ್ತಿಗೆ ಗುದ್ದಲಿಯೂ ಇಳಿಯದಷ್ಟು ಗಟ್ಟಿಯಾಗುವುದು ಇದರಿಂದಲೇ. ಆ ಗಟ್ಟಿತನ ಮಣ್ಣಿನದಲ್ಲ, ಬಿಸಿಲಿನದು. ಹಿಂಗಾರು ಬಂದಾಗ ಅದು ಹೊರಟುಹೋಗುತ್ತದೆ.

ಬಿದ್ದ ಭಾಗದ ಲೆಕ್ಕವನ್ನೇ ಹಾಕಿ ನೋಡೋಣ. ಯಾವ ಪ್ರಯೋಗಾಲಯಕ್ಕಿಂತಲೂ ನಂಬಬಹುದಾದ ಪರೀಕ್ಷೆ ಅದು. ನೆಟ್ಟಗೆ ಕತ್ತರಿಸಿದ ಮಣ್ಣು ಸಾಮಾನ್ಯವಾಗಿ 60 ಡಿಗ್ರಿಯ ಆಸುಪಾಸಿನ ಓರೆಯಲ್ಲಿ ಸೀಳಿ, ಬೆಣೆಯ ಆಕಾರದ ತುಂಡಾಗಿ ಜಾರುತ್ತದೆ. ನಿಮ್ಮ ಕಟಿಂಗು 4 ಮೀಟರು. ಮಣ್ಣಿನ ತೂಕ ಘನ ಮೀಟರಿಗೆ ಸುಮಾರು 1.8 ಟನ್, ಘರ್ಷಣಕೋನ (ವರದಿಯ 27ರ ಬದಲು) 32 ಡಿಗ್ರಿ, ಸೀಳಿನ ಓರೆ 61 ಡಿಗ್ರಿ ಎಂದಿಟ್ಟುಕೊಳ್ಳಿ. ಆಗ ಒಂದು ಮೀಟರು ಉದ್ದದ ಬೆಣೆ ಸುಮಾರು 8 ಟನ್ ತೂಗುತ್ತದೆ. ಅದರಲ್ಲಿ 7 ಟನ್ ಓರೆಯ ಗುಂಟ ಕೆಳಕ್ಕೆ ಎಳೆಯುತ್ತದೆ, ಬರೀ 3.9 ಟನ್ ಓರೆಯನ್ನು ಒತ್ತುತ್ತದೆ. ಒತ್ತಡದಿಂದ ಹುಟ್ಟುವ ಘರ್ಷಣೆ 2.4 ಟನ್. ಬಾಕಿ 4.6 ಟನ್ನನ್ನು ಅಂಟುಬಲವೇ ತಡೆಯಬೇಕು. ಓರೆಯ ಉದ್ದವೂ ಸುಮಾರು 4.6 ಮೀಟರು, ಅಂದರೆ ಚದರ ಮೀಟರಿಗೆ ಒಂದು ಟನ್, 10 ಕಿಲೋಪ್ಯಾಸ್ಕಲ್.

ಫೆಬ್ರವರಿಯಿಂದ ನಿಮ್ಮ ಮಣ್ಣು 10ಕ್ಕಿಂತ ಹೆಚ್ಚು ಅಂಟುಬಲ ತೋರಿಸಿತು, ಅದಕ್ಕೇ ನಿಂತಿತು. ಅಕ್ಟೋಬರಿನ ಆ ಬೆಳಿಗ್ಗೆ ಅದಕ್ಕಿಂತ ಕೆಳಗಿಳಿಯಿತು, ಬಿತ್ತು. ಗ್ರಾನೈಟು, ನೈಸು ಕಲ್ಲುಗಳು ಇದ್ದಲ್ಲೇ ಕೊಳೆತು ಆದ ಇಂಥ ಮಣ್ಣಿನಲ್ಲಿ ಪೂರ್ತಿ ನೆನೆದ ಮೇಲೆ ಉಳಿಯುವ ನಿಜವಾದ ಅಂಟುಬಲ ಸಾಮಾನ್ಯವಾಗಿ 0ಯಿಂದ 10 ಕಿಲೋಪ್ಯಾಸ್ಕಲ್ ಒಳಗೇ ಇರುತ್ತದೆ. 4 ಎಂದು ಹಿಡಿದರೆ ನೆಟ್ಟಗೆ ನಿಲ್ಲಬಲ್ಲ ಎತ್ತರ ಒಂದೂವರೆ ಮೀಟರಿನಷ್ಟು. ಅಂಚಿನ ಹಿಂದೆ ಬಿರುಕು ಬಿಟ್ಟಿದ್ದರೆ ಒಂದೇ ಮೀಟರು. ನೀವು ಕತ್ತರಿಸಿದ್ದು ನಾಲ್ಕು.

ಮಳೆ ಸುರಿಯುವಾಗ ಬೀಳದೆ ನಿಂತ ಮೇಲೆ ಬಿದ್ದಿದ್ದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ನೀರು ಕೆಮ್ಮಣ್ಣಿನೊಳಗೆ ಇಳಿಯುವುದು ನಿಧಾನ. ಮೇಲೆ ಬಿದ್ದ ನೀರು ಬಿರುಕುಗಳಿಂದ, ಬೇರಿನ ಸಂದಿಗಳಿಂದ ಇಳಿದು, ಕೆಳಗೆ ಕಲ್ಲಿನ ಮೈಗೆ ಬಂದು ನಿಲ್ಲಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಆದ್ದರಿಂದ ಮಳೆ ನಿಂತಿತೆಂದು ಕಟಿಂಗಿನ ಬುಡಕ್ಕೆ ಹೋಗುವುದು ತಪ್ಪು. ದೊಡ್ಡ ಮಳೆಯ ನಂತರ ಎರಡು ಮೂರು ದಿನ ದೂರವಿರಿ.

ಇನ್ನು ನಿಮ್ಮ ವರದಿಯ 28. ಅದನ್ನು ನಂಬಿ ಲೆಕ್ಕ ಹಾಕಿದರೆ ಮಣ್ಣು 10 ಮೀಟರು, ಅಂದರೆ 33 ಅಡಿ ನೆಟ್ಟಗೆ ನಿಲ್ಲಬೇಕಿತ್ತು! ಹದಿಮೂರಡಿಗೇ ಬಿತ್ತಲ್ಲ. ಸಂಖ್ಯೆ ಸುಳ್ಳೆಂದಲ್ಲ, ಅದು ಬೇರೊಂದು ಪ್ರಶ್ನೆಯ ಉತ್ತರ. ವರದಿಯ ಒಳಪುಟ ತೆಗೆದು ಮೂರು ವಿಷಯ ನೋಡಿ. ಮೊದಲನೆಯದು, ಮಾದರಿ ‘ರೀಮೌಲ್ಡೆಡ್’ ಎಂದಿದೆಯೇ? ಚೀಲದಲ್ಲಿ ತಂದ ಪುಡಿಮಣ್ಣನ್ನು ಪೆಟ್ಟಿಗೆಯಲ್ಲಿ ಕುಟ್ಟಿ ತುಂಬಿದ್ದಾರೆ ಎಂದರ್ಥ. ನೆಲದಲ್ಲಿದ್ದ ಹಳೆಯ ಸೀಳು, ಬೇರಿನ ತೂತು, ಕಲ್ಲಾಗಿದ್ದಾಗಿನ ಬಿರುಕಿನ ಗುರುತು ಯಾವುದೂ ಅದರಲ್ಲಿ ಉಳಿದಿರುವುದಿಲ್ಲ. ಎರಡನೆಯದು, ನೆನೆಸಿ ಮಾಡಿದರೋ, ಇದ್ದ ತೇವದಲ್ಲೇ ಮಾಡಿದರೋ? ತೇವಾಂಶ ಎಂಟೊಂಬತ್ತು ಶೇಕಡಾ ಎಂದಿದ್ದರೆ ಬಿಸಿಲಿನ ಬಲವನ್ನು ಅಳೆದಿದ್ದಾರೆ. ಮೂರನೆಯದೇ ಹೆಚ್ಚು ಜನ ಗಮನಿಸದ ವಿಷಯ: ಎಷ್ಟು ಒತ್ತಡದಲ್ಲಿ ಮಾಡಿದ್ದಾರೆ? 100, 200, 300 ಕಿಲೋಪ್ಯಾಸ್ಕಲ್ ಎಂದು ಬರೆದಿರುವುದು ಸಾಮಾನ್ಯ, ಏಕೆಂದರೆ ಪಾಯದ ಕೆಲಸಕ್ಕೆ ಅದೇ ರೂಢಿ. ನಿಮ್ಮ ಜಾರುವ ಓರೆಯ ಮೇಲಿನ ಒತ್ತಡ ಎಷ್ಟು? ಮೇಲಿನ ಲೆಕ್ಕದ 3.9 ಟನ್ನನ್ನು 4.6 ಮೀಟರಿಗೆ ಹಂಚಿ. ಸುಮಾರು 8 ಕಿಲೋಪ್ಯಾಸ್ಕಲ್ ಬರುತ್ತದೆ. ಒತ್ತಡ ಅಡ್ಡಕ್ಕೆ, ಶಿಯರ್ ಬಲ ಮೇಲಕ್ಕೆ ಗುರುತಿಸಿದ ನಕ್ಷೆಯಲ್ಲಿ ದೊಡ್ಡ ಒತ್ತಡದ ಮೂರು ಬಿಂದುಗಳಿಗೆ ಸರಳರೇಖೆ ಎಳೆದು ಅದನ್ನು ಸೊನ್ನೆಯವರೆಗೆ ಹಿಂದಕ್ಕೆ ಚಾಚಿದರೆ ಅದು ಲಂಬ ಅಕ್ಷವನ್ನು ಎಲ್ಲೋ ಮೇಲೆ ಮುಟ್ಟುತ್ತದೆ. ಅದನ್ನೇ ಅಂಟುಬಲವೆಂದು ಅಚ್ಚು ಹಾಕುತ್ತಾರೆ. ನಿಜದಲ್ಲಿ ಆ ರೇಖೆ ಕಡಿಮೆ ಒತ್ತಡದಲ್ಲಿ ಕೆಳಕ್ಕೆ ಬಾಗುತ್ತದೆ. ಪಾಯಕ್ಕೆ ಉಪಯೋಗಕ್ಕೆ ಬರುವ ಸಂಖ್ಯೆ ಕಟಿಂಗಿಗೆ ಅಪಾಯದ ಸಂಖ್ಯೆಯಾಗುವುದು ಹೀಗೆ.

ಮತ್ತೆ ಪರೀಕ್ಷೆ ಮಾಡಿಸುವುದಾದರೆ ಹೀಗೆ ಕೇಳಿ. ಕಟಿಂಗಿನ ಬುಡಕ್ಕೆ ಹೋಗದೆ, ಸುರಕ್ಷಿತ ಕಡೆಯಲ್ಲಿ ಅದೇ ಪದರ ಸಿಗುವ ಆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಗುಂಡಿ ತೋಡಿಸಿ, ಕೈಯಿಂದ ಸುತ್ತ ಕೆತ್ತಿ 30 ಸೆಂಟಿಮೀಟರಿನ ಚೌಕದ ಗಟ್ಟಿಯೊಂದನ್ನು ಎಬ್ಬಿಸಬೇಕು. ಅದಕ್ಕೆ ತೆಳುಬಟ್ಟೆ ಸುತ್ತಿ ಕರಗಿಸಿದ ಮೇಣ ಬಳಿದು, ಹಾಗೆ ಎರಡು ಮೂರು ಸಲ ಮಾಡಿ, ಮರದ ಪೆಟ್ಟಿಗೆಯಲ್ಲಿ ಮರದಹೊಟ್ಟು ತುಂಬಿ ಕಳಿಸಿ. ಮಣ್ಣಿನ ಮೇಲ್ಮೈ ಯಾವುದು ಎಂದು ಬಾಣದ ಗುರುತು ಹಾಕುವುದು ಮರೆಯಬೇಡಿ. ಪ್ರಯೋಗಾಲಯದವರಿಗೆ ‘ಅಲುಗದ ಮಾದರಿ, ನೆನೆಸಿ, ನಿಧಾನಗತಿಯ ಡೈರೆಕ್ಟ್ ಶಿಯರ್, ಒತ್ತಡ 15, 30, 60 ಕಿಲೋಪ್ಯಾಸ್ಕಲ್’ ಎಂದು ಬರೆದು ಕೊಡಿ. ಮಣ್ಣು ಪರೀಕ್ಷೆಯ ಭಾರತೀಯ ಮಾನಕವಾದ ಐ.ಎಸ್. 2720ರ 13ನೇ ಭಾಗದ ಪರೀಕ್ಷೆ ಇದು: ಎರಡು ಭಾಗದ ಪೆಟ್ಟಿಗೆಯಲ್ಲಿ ಮಣ್ಣಿಟ್ಟು, ಮೇಲಿನಿಂದ ಒತ್ತಿ, ಒಂದು ಭಾಗವನ್ನು ಅಡ್ಡಕ್ಕೆ ಜಾರಿಸುತ್ತಾರೆ. ಮಾಮೂಲಿ ಪೆಟ್ಟಿಗೆ 60 ಮಿಲಿಮೀಟರು ಚೌಕ, ಅದರಲ್ಲಿ 4.75 ಮಿಲಿಮೀಟರಿಗಿಂತ ದಪ್ಪ ಕಲ್ಲಿನ ಚೂರು ಇರಬಾರದು. ನಿಮ್ಮದರಲ್ಲಿ ಗರಸು ಹೆಚ್ಚಿದ್ದರೆ 300 ಮಿಲಿಮೀಟರಿನ ದೊಡ್ಡ ಪೆಟ್ಟಿಗೆ ಇರುವ ಕಡೆ ಮಾಡಿಸಬೇಕು. ನಿಧಾನಗತಿ ಎಂದರೆ ಒಂದೊಂದು ಮಾದರಿಗೂ ಗಂಟೆಗಟ್ಟಲೆ. ಹತ್ತು ನಿಮಿಷದಲ್ಲಿ ಮುಗಿಸಿದ್ದರೆ ಒಳಗಿನ ನೀರು ಹೊರಹೋಗಲು ಸಮಯವೇ ಸಿಕ್ಕಿರುವುದಿಲ್ಲ. ಫಲಿತಾಂಶ ಏನೇ ಬರಲಿ, ಕಾಯಂ ಕಟಿಂಗಿನ ಲೆಕ್ಕದಲ್ಲಿ ಅಂಟುಬಲವನ್ನು 5ಕ್ಕಿಂತ ಹೆಚ್ಚು ಹಿಡಿಯಬಾರದೆಂಬುದು ನನ್ನ ಅಭಿಪ್ರಾಯ. ತಡೆಗೋಡೆಯ ಲೆಕ್ಕದಲ್ಲಿ ಸೊನ್ನೆಯೇ ಇರಲಿ.

ಈಗ ಮೇಸ್ತ್ರಿಯವರ ಒಂದೂವರೆ ಅಡಿ ಗೋಡೆ. ಅವರ ಕೈಕೆಲಸದ ಬಗ್ಗೆ ಅನುಮಾನವಿಲ್ಲ, ಆದರೆ ಆ ದಪ್ಪ ಕಾಂಪೌಂಡ್ ಗೋಡೆಯದು, ಮಣ್ಣು ತಡೆಯುವ ಗೋಡೆಯದಲ್ಲ. ಘರ್ಷಣಕೋನ 30 ಡಿಗ್ರಿ ಎಂದು ಹಿಡಿದರೆ 4 ಮೀಟರು ಎತ್ತರದ ಒಣಮಣ್ಣು ಗೋಡೆಯ ಪ್ರತಿ ಮೀಟರು ಉದ್ದವನ್ನು 5 ಟನ್ನಿನಷ್ಟು ಬಲದಿಂದ ಅಡ್ಡಕ್ಕೆ ತಳ್ಳುತ್ತದೆ. 45 ಸೆಂಟಿಮೀಟರು ದಪ್ಪದ ಕಲ್ಲಿನ ಗೋಡೆಯ ತೂಕವೇ 4 ಟನ್. ಮಗುಚುವ ಬಲವನ್ನೂ ಅದನ್ನು ತಡೆಯುವ ತೂಕವನ್ನೂ ಗೋಡೆಯ ಮುಂಗಾಲಿನ ಸುತ್ತ ತೂಗಿ ನೋಡಿದರೆ ಮಗುಚುವುದು ಏಳು ಪಟ್ಟು ಹೆಚ್ಚು. ಇದು ಒಣಗಿದ್ದಾಗಿನ ಕಥೆ. ಹಿಂದೆ ನೀರು ಪೂರ್ತಿ ತುಂಬಿತೆನ್ನಿ: ನೀರೊಂದೇ 8 ಟನ್, ಮುಳುಗಿದ ಮಣ್ಣು ಇನ್ನೂ 2.8 ಟನ್, ಒಟ್ಟು 10.8. ಎರಡು ಪಟ್ಟಿಗೂ ಮೀರಿತು. ಮಳೆಗಾಲದಲ್ಲಿ ಉರುಳುವ ತಡೆಗೋಡೆಗಳಲ್ಲಿ ಬಹುಪಾಲು ಉರುಳುವುದು ನೀರಿಗೆ ದಾರಿ ಇಲ್ಲದೆ.

ಇಳಿಜಾರು ಮಾಡಿ ಬಿಟ್ಟರೆ? ನೆನೆದ ಮಣ್ಣಿಗೆ 4 ಕಿಲೋಪ್ಯಾಸ್ಕಲ್, 32 ಡಿಗ್ರಿ ಹಿಡಿದು, ಒಳಗೆ ನೀರು ನಿಲ್ಲದಂತೆ ನೋಡಿಕೊಂಡರೆ, ಒಂದಕ್ಕೆ ಒಂದರ ಇಳಿಜಾರಿನಲ್ಲಿ ಸುರಕ್ಷತಾ ಗುಣಾಂಕ (ತಡೆಯುವ ಬಲ ಜಾರಿಸುವ ಬಲದ ಎಷ್ಟು ಪಟ್ಟು ಎಂಬುದು) ಸುಮಾರು 1.25 ಬರುತ್ತದೆ. ಒಂದೂವರೆ ಅಡ್ಡ, ಒಂದು ಎತ್ತರ ಎಂದು ಇಳಿಸಿದರೆ ಸುಮಾರು 1.5. ಮನೆಯ ಹಿಂದೆ ಇರುವ ಕಟಿಂಗಿಗೆ 1.5 ಬೇಕೇ ಬೇಕು. ಆದರೆ ಹಾಗೆ ಇಳಿಸಲು 6 ಮೀಟರು, 20 ಅಡಿ ಜಾಗ ಹೋಗುತ್ತದೆ. ನಲವತ್ತಡಿಯ ಸೈಟಿನಲ್ಲಿ ಅರ್ಧ ಬಿಡಿ ಎಂದರೆ ಯಾರೂ ಒಪ್ಪುವುದಿಲ್ಲ. ಆದ್ದರಿಂದ ಎರಡನ್ನೂ ಬೆರೆಸಿ: ಕೆಳಗಿನ 2 ಮೀಟರಿಗೆ ತಡೆಗೋಡೆ, ಮೇಲಿನ 2 ಮೀಟರಿಗೆ ಒಂದೂವರೆಗೆ ಒಂದರ ಇಳಿಜಾರು, 3 ಮೀಟರು ಜಾಗ. ಮೇಲಿನ ಜಮೀನು ನಿಮ್ಮದೇ ಆಗಿದ್ದರೆ ಅಥವಾ ಪಕ್ಕದವರು ಒಪ್ಪಿದರೆ ಇಳಿಜಾರನ್ನು ಅತ್ತ ಕಡೆಗೆ ಕೆತ್ತಬಹುದು, ಸೈಟು ಉಳಿಯುತ್ತದೆ.

ಗೋಡೆಯ ತಳ ನೆಲಮಟ್ಟದಿಂದ ಕನಿಷ್ಠ 60 ಸೆಂಟಿಮೀಟರು ಆಳಕ್ಕೆ, ಅಲುಗದ ಗಟ್ಟಿ ಗರಸಿನಲ್ಲಿ ಕೂರಲಿ. ಪಾಯದ ಬುಡದಿಂದ ಅಳೆದರೆ ಒಟ್ಟು ಎತ್ತರ 2.6 ಮೀಟರು. ಗೋಡೆಯ ಹಿಂದಿನ ನೆಲ ಸಮತಟ್ಟಾಗಿದ್ದರೆ ತಳದ ಅಗಲ ಎತ್ತರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ನಿಮ್ಮಲ್ಲಿ ಹಿಂದೆ ಇಳಿಜಾರಿದೆ, ಅದರ ಭಾರವೂ ತಳ್ಳುತ್ತದೆ, ಆದ್ದರಿಂದ 0.7 ಪಟ್ಟು: ತಳ 1.8 ಮೀಟರು, ತಲೆ ಅರ್ಧ ಮೀಟರು, ಓರೆ ಹಿಂಬದಿಯಲ್ಲಿ. ಹಾಗಾದರೆ ಓರೆಯ ಮೇಲೆ ಕೂತ ಮಣ್ಣೂ ಗೋಡೆಯನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಇವು ಮಾತುಕತೆಗೆ ಬೇಕಾದ ಅಳತೆಗಳು. ಕೆಲಸ ಹಿಡಿಯುವ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಜಾರುವಿಕೆ, ಮಗುಚುವಿಕೆ, ತಳದ ಒತ್ತಡ ಮೂರನ್ನೂ ಲೆಕ್ಕ ಹಾಕಿಸಿ.

ಗೋಡೆಯ ಹಿಂಬದಿಯನ್ನು ಅಗೆದ ಕೆಮ್ಮಣ್ಣಿನಿಂದಲೇ ತುಂಬುವುದು ಎಲ್ಲೆಡೆ ಕಾಣುವ ತಪ್ಪು. ಗೋಡೆಗೆ ತಾಗಿ 60 ಸೆಂಟಿಮೀಟರು ದಪ್ಪಕ್ಕೆ ಜಲ್ಲಿ ಬರಲಿ, ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಇರಲಿ. ಬಟ್ಟೆ ಇಲ್ಲದಿದ್ದರೆ ಎರಡು ಮೂರು ಮಳೆಗಾಲದಲ್ಲಿ ಜೇಡಿ ಇಳಿದು ಜಲ್ಲಿಯ ಸಂದಿ ಮುಚ್ಚುತ್ತದೆ. ನೀರು ಹೊರಬರಲು 100 ಮಿಲಿಮೀಟರಿನ ಪಿವಿಸಿ ಪೈಪು, ಒಂದೂವರೆ ಮೀಟರಿಗೊಂದು, ಸಾಲು ಬಿಟ್ಟು ಸಾಲು ಜರುಗಿಸಿ, ಹೊರಕ್ಕೆ 20ಕ್ಕೆ 1ರಷ್ಟು ಇಳಿಜಾರು. ಮೊದಲ ಸಾಲು ನೆಲದಿಂದ ಒಂದು ಅಡಿಯೊಳಗೆ. ಗಾರೆ ಹಾಕುವಾಗ ಪೈಪಿನ ಬಾಯಿ ಮುಚ್ಚಿಹೋಗುವುದು ತುಂಬ ಸಲ ಆಗುತ್ತದೆ. ಗೋಡೆ ಮುಗಿದ ದಿನ ಜಲ್ಲಿಯ ಮೇಲೆ ಒಂದು ಡ್ರಮ್ ನೀರು ಸುರಿದು, ಪ್ರತಿ ಪೈಪಿನಿಂದಲೂ ಹನಿ ಬಂತೇ ಎಂದು ನೀವೇ ನಿಂತು ನೋಡಿ. ಹಣ ಕೊಡುವುದು ಅದಾದ ಮೇಲೆ.

ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಬಿದ್ದ ಮಣ್ಣನ್ನು ಒಮ್ಮೆಲೇ ತೆಗೆಯದೆ, ಮೊದಲು ಮೇಲಿನಿಂದ ಇಳಿಜಾರು ಕೆತ್ತಿಸಿ, ಆಮೇಲೆ ಬುಡವನ್ನು 3 ಮೀಟರು ಉದ್ದದ ತುಂಡುಗಳಾಗಿ ಒಂದು ಬಿಟ್ಟು ಒಂದರಂತೆ ತೆರೆದು ಗೋಡೆ ಎಬ್ಬಿಸುತ್ತ ಹೋಗಿ. ಪಕ್ಕದ ತುಂಡಿನ ಗೋಡೆ ಗಟ್ಟಿಯಾಗಿ ಹಿಂಬದಿ ತುಂಬಿದ ಮೇಲೆ ನಡುವಿನದನ್ನು ತೆರೆಯಿರಿ. ಅಗೆದ ಮಣ್ಣು, ಕಲ್ಲು, ಟ್ರ್ಯಾಕ್ಟರು ಯಾವುದೂ ಮೇಲಿನ ಅಂಚಿಗೆ ಹತ್ತಿರ ಬರಬಾರದು, ಅಗೆದ ಆಳದ ಅರ್ಧಕ್ಕಿಂತ ದೂರವಿರಲಿ.

ನೀರಿನ ಮೂಲವನ್ನು ಮೇಲೆ ಹೋಗಿ ನೋಡಿ. ನಿಮ್ಮ ಭಾಗದಲ್ಲಿ ದಿಬ್ಬದ ಮೇಲೆ ದ್ರಾಕ್ಷಿ ತೋಟವೋ ಹಿಪ್ಪುನೇರಳೆಯೋ ಇದ್ದು ಡ್ರಿಪ್ ಬಿಟ್ಟಿರಬಹುದು, ಯಾರದೋ ಬಚ್ಚಲ ನೀರಿನ ಇಂಗುಗುಂಡಿ ಇರಬಹುದು. ಅಂಚಿನಿಂದ ಎರಡು ಮೂರು ಮೀಟರು ಹಿಂದೆ ಅಡ್ಡಲಾಗಿ ಒಂದು ಚರಂಡಿ ತೆಗೆದು ಮಳೆನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಅದಕ್ಕೆ ಸಿಮೆಂಟ್ ಅಥವಾ ಕಲ್ಲಿನ ಹಾಸು ಇರಲೇಬೇಕು. ಹಾಸಿಲ್ಲದ ಚರಂಡಿ ಅಂಚಿನ ಹಿಂದೆ ತೋಡಿದ ಇಂಗುಗುಂಡಿಯಾಗುತ್ತದೆ, ಇಲ್ಲದಿದ್ದರೇ ವಾಸಿ. ಇಳಿಜಾರಿಗೆ ಲಾವಂಚ ನೆಡಿ, ಒಂದು ಮೀಟರು ಎತ್ತರಕ್ಕೊಂದು ಸಾಲು, ಸಾಲಿನಲ್ಲಿ ಅಂಗೈ ಅಗಲಕ್ಕೊಂದು ಬುಡ. ಅದರ ಬೇರು ನೇರ ಕೆಳಕ್ಕೆ ಎರಡು ಮೂರು ಮೀಟರು ಇಳಿಯುತ್ತದೆ.

ಕೊನೆಗೆ ಆ ಹಾಸುಬಂಡೆ. ಅದರ ಬುಡ ಒಡೆಸುವ ಯೋಚನೆಯನ್ನು ದಯವಿಟ್ಟು ಬಿಡಿ. ಗ್ರಾನೈಟು ಎಷ್ಟು ಗಟ್ಟಿ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬಂಡೆ ಜಾರುವುದು ತನ್ನ ಬಿರುಕಿನ ಮೇಲೆ. ನಂದಿಯ ಸುತ್ತಲಿನ ಬೆಟ್ಟಗಳಲ್ಲಿ ಕಲ್ಲು ಈರುಳ್ಳಿಯ ಹಾಗೆ ಪದರ ಪದರವಾಗಿ, ಬೆಟ್ಟದ ಮೈಗೆ ಸಮಾನಾಂತರವಾಗಿ ಬಿಟ್ಟಿರುತ್ತದೆ. ಕಲ್ಲಿಗೆ ಕಲ್ಲು ತಾಗಿದ ಶುದ್ಧ ಬಿರುಕಿನಲ್ಲಿ ಘರ್ಷಣಕೋನ 30ರಿಂದ 35 ಡಿಗ್ರಿ ಇರುತ್ತದೆ. ಅದೇ ಬಿರುಕಿನಲ್ಲಿ ಜೇಡಿ ಸೇರಿ ಒದ್ದೆಯಾದರೆ 20ಕ್ಕೂ ಕೆಳಗೆ ಬರಬಹುದು. 25 ಡಿಗ್ರಿ ಇಳಿಜಾರಿನ ಪದರವೊಂದು ಇಷ್ಟು ವರ್ಷ ಕೂತಿರುವುದು ಅದರ ಬುಡ ಮಣ್ಣಿಗೋ ಕಲ್ಲಿಗೋ ಒತ್ತಿಕೊಂಡಿರುವುದರಿಂದ. ನೀವು ಬುಡ ಕತ್ತರಿಸಿದ ದಿನ ಬಿರುಕು ಗಾಳಿಗೆ ತೆರೆದುಕೊಳ್ಳುತ್ತದೆ, ಪದರಕ್ಕೆ ಆಸರೆ ತಪ್ಪುತ್ತದೆ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಯ ನಂತರ ನಂದಿ ಬೆಟ್ಟದ ರಸ್ತೆಯ ಮೇಲೆ ಮಣ್ಣೂ ಬಂಡೆಯೂ ಇಳಿದು ಸಂಚಾರ ನಿಂತಿದ್ದನ್ನು ನಿಮ್ಮ ಕಡೆಯವರು ಮರೆತಿರಲಾರರು.

ಮೊದಲು ಬಂಡೆಯ ಪಕ್ಕದ ಮಗ್ಗುಲಲ್ಲಿ ನಿಂತು, ಪದರಗಳ ನಡುವಿನ ಗೆರೆ ಯಾವ ಕಡೆ ಇಳಿಯುತ್ತಿದೆ ನೋಡಿ. ಅದು ನಿಮ್ಮ ಸೈಟಿನ ಕಡೆಗೇ ಇಳಿದು, ಸಂದಿಯಲ್ಲಿ ಕೆಂಪು ಅಥವಾ ಬಿಳಿ ಜೇಡಿ ಕಂಡರೆ, ಮಳೆಯಲ್ಲಿ ಅಲ್ಲಿಂದ ನೀರು ಒಸರಿದರೆ, ಭೂವಿಜ್ಞಾನಿ ಅಥವಾ ಜಿಯೋಟೆಕ್ನಿಕಲ್ ಎಂಜಿನಿಯರ್ ಒಬ್ಬರು ಬಂದು ನೋಡುವವರೆಗೆ ಆ ಮೂಲೆಯನ್ನು ಮುಟ್ಟಬೇಡಿ. ಸಿಡಿಮದ್ದು ಯಾವ ಕಾರಣಕ್ಕೂ ಬೇಡ. ಅದರ ಅದುರು ಬಿರುಕನ್ನು ಒಳಗೊಳಗೇ ಸಡಿಲಿಸುತ್ತದೆ. ತೆಗೆಯಲೇಬೇಕಾದರೆ ಮೇಲಿನಿಂದ ಕೆಳಕ್ಕೆ, ಉಳಿ ಹಾಕಿ ತುಂಡು ತುಂಡಾಗಿ ಸೀಳುವ ಕಲ್ಲೊಡ್ಡರ ಪದ್ಧತಿಯೇ ಸರಿ.

ಅಲ್ಲಿಯವರೆಗೆ ಒಂದು ಕೆಲಸ ಇವತ್ತೇ ಮಾಡಬಹುದು. ಅಂಚಿನ ಹಿಂದಿನ ಬಿರುಕಿನ ಎರಡೂ ಬದಿ ಒಂದೊಂದು ಕಬ್ಬಿಣದ ಗೂಟ ಹೊಡೆದು, ನಡುವಿನ ದೂರವನ್ನು ಟೇಪಿನಿಂದ ಅಳೆದು ತಾರೀಖು ಹಾಕಿ ಬರೆದಿಡಿ. ಬಂಡೆಯ ತಲೆಯ ಬಿರುಕಿಗೂ ಅಂಥದೇ ಎರಡು ಗುರುತು. ಮಳೆಯಿದ್ದಾಗ ದಿನಾ, ಇಲ್ಲದಾಗ ವಾರಕ್ಕೊಮ್ಮೆ ಅಳೆಯಿರಿ. ವಾರಕ್ಕೆ ಒಂದೆರಡು ಮಿಲಿಮೀಟರು ಸರಿದಿದ್ದು ದಿನಕ್ಕೆ ಐದಾರು ಆಗತೊಡಗಿದರೆ, ಅಥವಾ ಬುಡದಲ್ಲಿ ಮಣ್ಣು ಉಬ್ಬಿ ಕೆಂಪು ನೀರು ಒಸರಿದರೆ, ಅಳೆಯುವುದನ್ನು ಬಿಟ್ಟು ಜಾಗ ಖಾಲಿ ಮಾಡಿ, ಕೆಳಗಿನ ಮನೆಯವರಿಗೂ ಕೂಗಿ ಹೇಳಿ.